ಆರಾಮಿದ್ದವರ ದವಾಖಾನೆ

ಹತ್ತು ದೇಶ ಸುತ್ತಿ ಬಂದರೂ, ನಾನು ಬಾಯಿ ತೆರೆದು ನಿಲ್ಲುವಂಥದ್ದು ನಡೆಯುವುದು ಮಾತ್ರ ನಮ್ಮೂರ ಬಾಜುವಿನಲ್ಲೇ.

ಏನು ತ್ರಾಸು?

ಬೆಳಗಾವಿಯ ಮಹಾಂತೇಶ ನಗರದಲ್ಲಿ ಎಣ್ಣೆ ತಿಕ್ಕಿಸಿ ಮೊಣಕಾಲು ಹಿಡಿದವರನ್ನು ನಡೆಸುತ್ತಿದ್ದ ವೈದ್ಯರೊಬ್ಬರು ಇದ್ದಕ್ಕಿದ್ದಂತೆ ದವಾಖಾನೆ ಮುಚ್ಚಿ ಖಾನಾಪುರದ ಹೊಳೆದಂಡೆಗೆ ಹೋದರು. ಗೋವಾಕ್ಕೆ ಬರುವ ಪರದೇಶದವರಿಗೆ ಇನ್ನುಮೇಲೆ ಅಲ್ಲಿ ಎಣ್ಣೆ, ಗಂಜಿ, ಶಾಂತಿ. ಆ ಪರದೇಶದವರೊಡನೆ ಇಂಗ್ಲಿಷಿನಲ್ಲಿ ಮಾತಾಡಲು ನನ್ನನ್ನು ಕರೆಸಿದ್ದರು. ಮೊದಲ ಜೋಡಿ ಖುಷಿಯಾಗಿ ಹೋದರಷ್ಟೇ ಮುಂದಿನವರನ್ನು ಕಳಿಸುತ್ತೇನೆ ಎಂದು ಗೋವಾದ ಏಜಂಟ ಹೇಳಿದ್ದ. ಇಲ್ಲದಿದ್ದರೆ ವೈದ್ಯರು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಗಂಡ ಹೆಂಡತಿ ಬಂದರು. ವೈದ್ಯರು ರೂಢಿಯಂತೆ ನಾಡಿ ಹಿಡಿದು, ಏನು ತ್ರಾಸು ಕೇಳಿ ಅಂದರು. ಕೇಳಿದೆ. ಏನೂ ಇಲ್ಲವಂತೆ. ವೈದ್ಯರು ಕೈ ಬಿಟ್ಟು ನನ್ನ ಮುಖ ನೋಡಿದರು. "ಏನೂ ಇಲ್ಲಂದ್ರ ನಾ ಏನ್ ಆರಾಮ ಮಾಡ್ಲಿರೀ?"

ಈಗ ಜಗತ್ತೇ ಹೀಗೆ, ಆರಾಮಿದ್ದವರು ಇನ್ನಷ್ಟು ಆರಾಮಾಗಲು ಊರೂರು ಅಲೆಯುತ್ತಾರೆ ಎಂದು ತಿಳಿಸಿ ಹೇಳಿದೆ. ಎಣ್ಣೆ ತಿಕ್ಕುವ ಮಾವಶಿ ಬಟ್ಟಲು ಕೆಳಗಿಟ್ಟಳು. "ಒಗದ ಅರಿವಿ ಮತ್ತ ಒಗ್ಯಾಕ ಹಾಕ್ಯಾರ ಅನ್ರಿ."

ಮಾತಾಡಿಸಲು ಬಂದವರು

ಎಣ್ಣೆಯಾದ ಮೇಲೆ ಇಬ್ಬರಿಗೂ ಬಿಳಿ ಚಾದರ ಸುತ್ತಿ, ತಿಳಿಗಂಜಿ ಕುಡಿಸಿ, ಪಡಸಾಲೆಯಲ್ಲಿ ಮಲಗಿಸಿದೆವು. ರಸ್ತೆಯಲ್ಲಿ ಹೋಗುವವರು ನೋಡಿದರು. ಯಾರಾದರೂ ಹಾಸಿಗೆ ಹಿಡಿದರೆಂದರೆ ನಮ್ಮ ಕಡೆ ಮಂದಿ ಸುಮ್ಮನಿರುತ್ತಾರೆಯೇ? ಸಂಜೆಗೆ ಬಾಳೆಹಣ್ಣು, ಬ್ರೆಡ್ಡು, ಎಳನೀರು ಹಿಡಿದು ಓಣಿಗೆ ಓಣಿಯೇ ಬಂತು.

ಒಬ್ಬ ಅಜ್ಜಿ ಆ ಹೆಂಗಸಿನ ಕೈ ಸವರುತ್ತ ಕಣ್ಣೊರೆಸಿಕೊಂಡಳು. "ಎಷ್ಟು ಬೆಳ್ಳಗಾಗ್ಯಾಳ ನೋಡವಾ. ಮೈಯಾಗ ಹನಿ ರಕ್ತ ಇಲ್ಲ."

ತನ್ನ ಕಾಕಾನೂ ಹೀಗೇ ಮಲಗಿದ್ದ, ಆದರೆ ಬಹಳ ನರಳಲಿಲ್ಲ ಎಂದು ಇನ್ನೊಬ್ಬ ಧೈರ್ಯ ಹೇಳಿದ. ಶಾಂತಿಯ ಮಾತು ಕೊಟ್ಟಿದ್ದ ವೈದ್ಯರು ಕಂಬಕ್ಕೆ ಹಣೆ ಹಚ್ಚಿ ನಿಂತುಬಿಟ್ಟರು. ಇವರೆಲ್ಲ ಏನಂತಾರೆ ಎಂದು ಹೆಂಗಸು ಕೇಳಿದಳು. ನಿನ್ನ ಮೈಬಣ್ಣ ಹೊಗಳುತ್ತಿದ್ದಾರೆ ಎಂದೆ.

ಹೊಸ ಚಿಕಿತ್ಸೆ

ಜೋಡಿ ಹೋಯಿತು. ವೈದ್ಯರು ಬೆಳಗಾವಿಯ ಮೊಣಕಾಲು ದವಾಖಾನೆಯ ಹಳೇ ಬೋರ್ಡು ಒರೆಸುತ್ತ ಕೂತಿದ್ದಾಗ ಏಜಂಟನ ಫೋನು ಬಂತು. ಇನ್ನೂ ಆರು ಮಂದಿ ಬರುತ್ತಾರಂತೆ. ಎಣ್ಣೆ ಸಾಧಾರಣವಂತೆ, ಆದರೆ ಸಂಜೆ ಮಂದಿ ಬಂದು ಕೈ ಹಿಡಿದು ಅಳುವ ಚಿಕಿತ್ಸೆ ಬೇರೆಲ್ಲೂ ಸಿಕ್ಕಿಲ್ಲವಂತೆ. ಅದು ಇರಲೇಬೇಕಂತೆ.

ಬಂದ ಆರೂ ಮಂದಿಯನ್ನು ಚಾದರ ಸುತ್ತಿ ಸಾಲಾಗಿ ಮಲಗಿಸಿ, ವೈದ್ಯರು ತಾವೇ ಹೋಗಿ ಅಜ್ಜಿಯನ್ನು ಕರೆತಂದರು. ಅಜ್ಜಿ ಹೊಸ್ತಿಲಲ್ಲೇ ನಿಂತಳು. ಆ ತುದಿಯಿಂದ ಈ ತುದಿಯವರೆಗೆ ಬೆಳ್ಳನೆಯ ಮುಖಗಳನ್ನು ನೋಡಿದಳು. ಬಾಳೆಹಣ್ಣು ಅಲ್ಲೇ ನೆಲಕ್ಕಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು.

"ಡಾಕ್ಟರ, ಹೋದ ಸಲ ಇಬ್ಬರಿಗಿತ್ತು, ಈಗ ಆರು ಮಂದಿಗೆ ಹಬ್ಬೇತಿ. ಮುಚ್ಚಿಟ್ಕೊಂಡು ಕುಂದರಬ್ಯಾಡ್ರಿ, ಬೆಳಗಾವಿ ದೊಡ್ಡ ದವಾಖಾನಿಗೆ ಸಾಗಸ್ರಿ."