ಎದುರು ಮನೆಯ ಹೊಸ್ತಿಲು

ನಮ್ಮ ಸೋದರಮಾವ ಬದುಕಿರುವಷ್ಟು ದಿನ ಎದುರು ಮನೆಯ ಹೊಸ್ತಿಲಿಗೆ ಪೂಜೆ ಮಾಡಿದರು. ತಮ್ಮ ಸ್ವಂತ ಮನೆಯ ಹೊಸ್ತಿಲಿಗೆ ಒಂದು ದಿನವಾದರೂ ಕುಂಕುಮ ಹಚ್ಚಿದ್ದನ್ನು ಕಂಡವರಿಲ್ಲ! ಎದುರು ಮನೆ ಯಾರದು? ಮಾಮಾನ ಬಾಲ್ಯದ ದೋಸ್ತನದು. ಐದು ಹೊತ್ತು ನಮಾಜು ತಪ್ಪಿಸದ ಮುಸಲ್ಮಾನರ ಮನೆ. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ತಂಬಿಗೆಯಲ್ಲಿ ನೀರು ಹಿಡಿದು ಮಾಮಾ ರಸ್ತೆ ದಾಟಿದರೆಂದರೆ ಹೊಸಬರು ಗಾಬರಿಯಾಗುತ್ತಿದ್ದರು. ಹಳಬರು ಸುಮ್ಮನೆ ದಾರಿ ಬಿಡುತ್ತಿದ್ದರು. ದೋಸ್ತನ ಹೆಂಡತಿ, ನಾವೆಲ್ಲ ಚಾಚಿ ಎಂದು ಕರೆಯುವವರು, ಒಳಗಿನಿಂದಲೇ ಕೂಗುತ್ತಿದ್ದರು: "ಅಣ್ಣಾರ, ನೀರ ಜಾಸ್ತಿ ಸುರೀಬ್ಯಾಡ್ರಿ! ನಿನ್ನಿ ನಮ್ಮ ಸೊಸಿ ಜಾರಿ ಬಿದ್ದಾಳ."

ನಾನು ಬಾಗೇವಾಡಿಯಲ್ಲಿ ಹುಟ್ಟಿ ಸಿಂದಗಿಗೆ ಕೊಟ್ಟ ಹೆಣ್ಣು. ಸುತ್ತಿ ಬಳಸಿ ಮಾತಾಡುವುದು ನನಗೆ ಬಾರದು. ಮಾಮಾನಿಗೆ ತಲೆ ಸರಿಯಿಲ್ಲ ಎಂದು ನಮ್ಮ ತವರಿನಲ್ಲಿ ಎಲ್ಲರೂ ಬಾಯಿ ತುಂಬ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಆದರೆ ಹುಚ್ಚಿಗೂ ಒಂದು ಕಾರಣ ಬೇಕಲ್ಲ?

ಕಾರಣ ಮಾಮಾನ ಊರು ಕೊಲ್ಹಾರ. ಕೃಷ್ಣೆಯ ದಂಡೆಯ ಹಳೇ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತದೆ ಎಂದಾಗ ಎಲ್ಲರೂ ಎತ್ತರದ ಹೊಸ ಊರಿಗೆ ಬರಬೇಕಾಯಿತು. ಬರುವವರು ಬರಿಗೈಯಲ್ಲಿ ಬಂದರೇ? ತೊಲೆ, ಕಂಬ, ಬಾಗಿಲ ಚೌಕಟ್ಟು, ಹೊಸ್ತಿಲು, ಕಿತ್ತು ತರಬಹುದಾದದ್ದನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿದರು. ಹಳೇ ಊರಿನಲ್ಲಿ ಮಾಮಾನ ಮನೆಯೂ ದೋಸ್ತನ ಮನೆಯೂ ಎದುರುಬದುರು. ಹೊಸ ಊರಿನಲ್ಲೂ ಹಟ ಹಿಡಿದು ಎದುರುಬದುರಿನ ಜಾಗವನ್ನೇ ಹಿಡಿದರು. ಆದರೆ ಹಂಚಿಕೆಯಲ್ಲಿ ಎಡಬಲ ಬದಲಾಗಿತ್ತು. ಅಲ್ಲಿ ಓಣಿಯ ಎಡಕ್ಕಿದ್ದ ಮಾಮಾ ಇಲ್ಲಿ ಬಲಕ್ಕೆ ಬಂದರು, ಬಲಕ್ಕಿದ್ದ ದೋಸ್ತ ಎಡಕ್ಕೆ ಹೋದರು.

ಚೌಕಟ್ಟು ನಿಲ್ಲಿಸುವ ದಿನ ಇಬ್ಬರೂ ಹೊಸ ಮನೆಯ ಹತ್ತಿರ ಇರಲಿಲ್ಲ. ಎಲ್ಲಿದ್ದರು? ಕೆಳಗೆ ಹಳೇ ಊರಿನ ಅಂಚಿನಲ್ಲಿ ಕುಳಿತು, ತಮ್ಮ ಓಣಿಯೊಳಗೆ ನೀರು ಬರುವುದನ್ನು ನೋಡುತ್ತಿದ್ದರು. ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಮೇಲೆ ಬಂದರೆ, ಮಾಮಾನ ಗಿಡ್ಡ ಚೌಕಟ್ಟು ದೋಸ್ತನ ಗೋಡೆಯಲ್ಲಿ, ದೋಸ್ತನ ಎತ್ತರದ ಚೌಕಟ್ಟು ಮಾಮಾನ ಗೋಡೆಯಲ್ಲಿ! ಮಾಮಾ ಗೋಡೆ ಕಟ್ಟಿದ ಗೌಂಡಿಯ ಮೇಲೆ ಹರಿಹಾಯ್ದರು. ಅವನೂ ಹಳೇ ಊರಿನವನೇ. ಕೈಯಲ್ಲಿದ್ದ ಗಾರೆಯ ಥಾಪಿಯನ್ನೂ ಕೆಳಗಿಡದೆ ಅಂದನಂತೆ: "ನಾ ಏನ್ ತಪ್ಪ ಮಾಡೇನ್ರಿ? ಎಡಗಡೀದು ಎಡಕ್ಕ ಐತಿ, ಬಲಗಡೀದು ಬಲಕ್ಕ ಐತಿ. ಬಾಗಿಲಾ ತಮ್ಮ ತಮ್ಮ ಜಾಗಾದಾಗ ಅದಾವು. ನೀವ ಅದಲಬದಲ ಆಗೀರಿ!"

ಕಿತ್ತು ಬದಲಾಯಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅವರೂ ಹಾಗೆಯೇ ಅಂದುಕೊಂಡಿದ್ದರು. "ನೀ ಮೊದಲ ಕೀಳು", "ನೀನ ಮೊದಲ ಕೀಳೋ ದೋಸ್ತಾ" ಎಂದು ಒಂದು ಮಳೆಗಾಲ ಹೋಯಿತು. ಆಮೇಲೆ ಮನೆಯಲ್ಲಿ ಬಸುರಿ ಇರುವಾಗ ಗೋಡೆ ಒಡೆಯಬಾರದು ಎಂಬ ಮಾತು ಬಂತು. ಎರಡೂ ಮನೆ ಸೇರಿದರೆ ಯಾರಾದರೊಬ್ಬರು ಬಸುರಿ ಇಲ್ಲದ ವರ್ಷವಾದರೂ ಎಲ್ಲಿತ್ತು? ಹಾಗೆ ಚೌಕಟ್ಟುಗಳು ಸಿಮೆಂಟಿನಲ್ಲಿ ಗಟ್ಟಿಯಾದವು. ಮಾಮಾ ಬೆಳಿಗ್ಗೆ ರಸ್ತೆ ದಾಟಿ ಪೂಜೆಗೆ ಹೋಗುವರು. ದೋಸ್ತ ರಂಜಾನ್ ಹಬ್ಬದ ಮುಂಚೆ ರಸ್ತೆ ದಾಟಿ ಬಂದು, ಮಾಮಾನ ಮನೆಯಲ್ಲಿರುವ ತಮ್ಮ ಚೌಕಟ್ಟಿಗೆ ಕುಸುಬಿ ಎಣ್ಣೆ ತಿಕ್ಕುವರು. ಹಬ್ಬದ ವಾರವಿಡೀ ಮಾಮಾನ ಹೆಂಡತಿ, ನಮ್ಮ ಅತ್ತೆಯ ಸೀರೆಯ ಸೆರಗು ಎಣ್ಣೆ ಎಣ್ಣೆ.

ಇನ್ನು ಮಾಮಾನ ತಲೆಯ ವಿಷಯ. ಅವರ ಚೌಕಟ್ಟು ಬಹಳ ಗಿಡ್ಡ, ಹುಟ್ಟಿದಾಗಿನಿಂದ ಬಗ್ಗಿ ಬಗ್ಗಿ ರೂಢಿಯಾಗಿತ್ತು. ಈಗಿದ್ದ ಮನೆಯದು ದೋಸ್ತನ ಎತ್ತರದ ಬಾಗಿಲು, ಆನೆ ಬೇಕಾದರೂ ಒಳಗೆ ಬರಬಹುದು. ಆದರೂ ಮಾಮಾ ಬಗ್ಗಿಯೇ ಒಳಗೆ ಹೋಗುವರು, ಬಗ್ಗಿಯೇ ಹೊರಗೆ ಬರುವರು! ಬ್ಯಾಂಕಿನ ಗಾಜಿನ ಬಾಗಿಲಲ್ಲೂ ಬಗ್ಗುವರು. ಮುದ್ದೇಬಿಹಾಳದ ಬಸ್ಸು ಹತ್ತುವಾಗ ಬಗ್ಗಿದ್ದಕ್ಕೆ ಕಂಡಕ್ಟರು ತನಗೇ ನಮಸ್ಕಾರ ಮಾಡಿದರೆಂದು ತಿಳಿದು ತಿರುಗಿ ಕೈಮುಗಿದನಂತೆ.

ನನ್ನ ಮದುವೆಯಾದ ಹೊಸತಿನಲ್ಲಿ ಮಾಮಾ ನಮ್ಮಿಬ್ಬರನ್ನು ಊಟಕ್ಕೆ ಕರೆದರು. ನನ್ನ ಗಂಡ ಉದ್ದನೆಯ ಆಳು. ಬಸ್ಸಿಳಿದು ಬಂದವರನ್ನು ತಮ್ಮ ಮನೆಗೆ ಕರೆದೊಯ್ಯದೆ, "ಮೊದಲ ನಮ್ಮ ಹೊಸ್ತಲಾ ದಾಟ್ರಿ" ಎಂದು ಎದುರು ಮನೆಗೆ ನಡೆಸಿದರು. ಹೊಸ ಅಳಿಯ ಎದೆಯುಬ್ಬಿಸಿ ಹೆಜ್ಜೆ ಇಟ್ಟರು. ಢಬ್! ಹಣೆಯ ಮೇಲೆ ಲಿಂಬೆಹಣ್ಣಿನಷ್ಟು ಬುಗುಟು. ಚಾಚಿ ಓಡಿ ಬಂದು ಮಂಜುಗಡ್ಡೆ ಒತ್ತಿದರು. ದೋಸ್ತ ಗದರಿದರು: "ಏ, ಬಾಗಿಲಾ ಗಿಡ್ಡ ಐತಿ ಅಂತ ಹೇಳಬಾರದೇನೋ?" ಮಾಮಾನ ಮುಖದಲ್ಲಿ ಪರಮ ತೃಪ್ತಿ. "ಹೇಳಿ ಕಲಿಸೂದಲ್ಲೋ ಅದು. ನಮ್ಮಪ್ಪಗೂ ಬಡದಿತ್ತು, ನನಗೂ ಬಡದೈತಿ. ಈಗ ಇಂವ ನಮ್ಮವ ಆದ!"

ಕೊಲ್ಹಾರದ ಮೊಸರು ತಿನ್ನಲು ಬಂದ ಅತಿಥಿಗಳ ಪಾಡೂ ಇದೇ. ಮೊಸರಿನ ಗಡಿಗೆ ಬಾಯಿ ತೆರೆಯುವ ಮೊದಲು ಹಳೇ ಊರಿನ ದರ್ಶನವಾಗಲೇಬೇಕು. ದರ್ಶನ ಎಂದರೇನು? ದಂಡೆಯ ಮೇಲೆ ನಿಂತು ನೀರು ನೋಡುವುದು! ಒಮ್ಮೆ ಕಾಲೇಜಿನ ಮೇಷ್ಟ್ರೊಬ್ಬರು ಸುತ್ತಲಿನ ಪುರಾತನ ಸ್ಥಳಗಳನ್ನು ತೋರಿಸಲೆಂದು ಹುಡುಗರನ್ನು ಕರೆತಂದಿದ್ದರು. ಮಾಮಾ ಬಟಾಬಯಲು ನೀರಿನ ಕಡೆ ಕೈ ಮಾಡಿ, "ಇದ ಅಗಸಿ ಬಾಗಿಲಾ. ಇದರ ಬಲಕ್ಕ ಹಣಮಪ್ಪನ ಗುಡಿ, ಚಪ್ಪಲ್ ಬಿಡ್ರಿ. ಅಕಾ ಅಲ್ಲಿ ಮಸೂತಿ" ಎಂದರು. ಹುಡುಗರು ಪಾಪ, ಚಪ್ಪಲಿ ಬಿಟ್ಟು ಕಾದ ಮಣ್ಣಿನ ಮೇಲೆ ಕುಣಿಯುತ್ತ ನಿಂತರು. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿ, "ಏನೂ ಕಾಣವಲ್ದಲ್ರಿ ಯಜಮಾನ್ರ?" ಎಂದರು.

"ನಿಮಗ ಕಾಣಂಗಿಲ್ರಿ. ಮೀನಾ ಕೇಳ್ರಿ, ಹೇಳ್ತಾವು."

ಕಡೆಗೆ ಕಾಣುವಂಥದ್ದೇನಾದರೂ ತೋರಿಸಿ ಎಂದು ಮೇಷ್ಟ್ರು ಬೇಡಿಕೊಂಡಾಗ ಮಾಮಾ ಅಷ್ಟೂ ಜನರನ್ನು ಚಾಚಿಯ ಮನೆಯ ಮುಂದೆ ತಂದು ನಿಲ್ಲಿಸಿದರು. ಹುಡುಗರು ಸಾಲಾಗಿ ಬಂದು ಹೊಸ್ತಿಲ ಫೋಟೋ ತೆಗೆದರು. ಚಾಚಿ ಎಲ್ಲರಿಗೂ ಚಹಾ ಮಾಡಿ ಕೊಟ್ಟು, ಕಪ್ಪು ತೊಳೆಯುತ್ತ ನಮ್ಮ ಅತ್ತೆಗೆ ಹೇಳಿದರಂತೆ: "ಹೊಸ್ತಲಾ ನಿಮ್ಮದು, ಸಕ್ರಿ ನಮ್ದು."

ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯಲ್ಲಿ ಊರು ಬಿಟ್ಟ ನೆನಪಿಗೆಂದು ಒಂದು ಕಾರ್ಯಕ್ರಮ ನಡೆಯುತ್ತದೆ. ಮೊದಮೊದಲು ಅದು ಜಾತ್ರೆಗಿಂತ ಜೋರಾಗಿತ್ತು. ಹೆಂಗಸರು ಕೆಸರಿನಲ್ಲಿ ಇಳಿದು ತಮ್ಮ ಅಡುಗೆಮನೆ ಎಲ್ಲಿತ್ತೆಂದು ಹುಡುಕುವರು, ಸಿಕ್ಕ ಬುನಾದಿಯ ಕಲ್ಲಿಗೆ ಕಾಯಿ ಒಡೆಯುವರು, ಕುಳಿತು ಅಳುವರು. ಮಾಮಾನದು ಭಾಷಣ. ಅಗಸಿಯಿಂದ ಶುರು ಮಾಡಿ ಓಣಿ ಓಣಿ, ಮನೆ ಮನೆ, ಯಾರ ಕಟ್ಟೆ, ಯಾರ ಬಾವಿ, ಎಲ್ಲ ಹೇಳಿಕೊಂಡು ಹೊರಡುವರು. ಕುಂಬಾರ ಓಣಿ ಮುಗಿಯುವಷ್ಟರಲ್ಲಿ ಅಧ್ಯಕ್ಷರು ಗಡಿಯಾರ ನೋಡುವರು, ಮೈಕಿನವನು ವೈರು ಕೀಳುವನು. ಮಾಮಾ ಮೈಕಿಲ್ಲದೆ ಮುಂದುವರಿಸುವರು! ದೋಸ್ತ ಮುಂದಿನ ಸಾಲಿನಲ್ಲಿ ಕುಳಿತು, "ಬಡಿಗ್ಯಾರ ಮನಿ ಬಿಟ್ಟಿ ನೋಡು" ಎಂದು ತಿದ್ದುವರು.

ವರ್ಷ ಹೋದಂತೆ ಜನ ಕಡಿಮೆಯಾದರು. ಹಳೇ ಊರನ್ನು ಕಂಡವರು ಒಬ್ಬೊಬ್ಬರಾಗಿ ಹೋದರು, ಕಾಣದವರಿಗೆ ಅಲ್ಲಿ ನೋಡಲು ಏನಿತ್ತು? ನಾನು ಕಡೆಯ ಸಲ ಹೋದಾಗ ಬಿಸಿಲಿನಲ್ಲಿ ಖಾಲಿ ಕುರ್ಚಿಗಳೇ ಹೆಚ್ಚಾಗಿದ್ದವು. ಮೈಕಿನವನು ವೈರು ಕೀಳುವ ಅವಶ್ಯಕತೆಯೂ ಬೀಳಲಿಲ್ಲ. ಮಾಮಾನೇ ಅರ್ಧ ಓಣಿಗೆ ನಿಂತು, ಮುಂದಿನ ಸಾಲಿನ ಕಡೆ ನೋಡಿ, ಸುಮ್ಮನೆ ಕೆಳಗಿಳಿದರು. ತಿದ್ದುವವರೇ ಇರಲಿಲ್ಲ. ಅದರ ಹಿಂದಿನ ಚಳಿಗಾಲದಲ್ಲಿ ದೋಸ್ತ ತೀರಿಕೊಂಡಿದ್ದರು.

ದೋಸ್ತನ ಜನಾಜಾ ಹೊರಡುವ ದಿನ ಮಾಮಾ ಮಾಡಿದ್ದನ್ನು ಕಂಡು ಊರವರು ಇನ್ನೊಮ್ಮೆ ತಲೆ ಕೆಟ್ಟಿದೆ ಎಂದರು. ಎಲ್ಲರೂ ಎದುರು ಮನೆಯ ಅಂಗಳದಲ್ಲಿದ್ದರೆ ಇವರು ತಮ್ಮ ಮನೆಯ ಎರಡೂ ಕದ ಹಾರು ಹೊಡೆದು, ಹೊಸ್ತಿಲ ಪಕ್ಕ ಕೈಕಟ್ಟಿ ನಿಂತಿದ್ದರು. ಜನಾಜಾ ಮಸೀದಿಯ ಕಡೆ ತಿರುಗಿ ಹೋಯಿತು. ಸಂಜೆಯವರೆಗೂ ಅವರು ಕದ ಮುಚ್ಚಗೊಡಲಿಲ್ಲ. ಒಂದು ನಾಯಿ ಒಳಗೆ ಬಂದು ರೊಟ್ಟಿ ಬುಟ್ಟಿಗೆ ಬಾಯಿ ಹಾಕಿದ ಮೇಲೆ ಅತ್ತೆ ಸಿಟ್ಟಾಗಿ ಕೇಳಿದರು. ಮಾಮಾ ಅಂದರು: "ಅವನ ಬಾಗಿಲಾ ಇದು. ಇದನ್ನ ದಾಟಿ ಹೋಗ್ತಾನಂತ ತೆರದಿಟ್ಟಿದ್ದೆ. ಕೇಳಾಕ ನನಗ ಬಾಯಿ ಬರ್ಲಿಲ್ಲ."

ಆಮೇಲೆ ಚಾಚಿಯ ಮಗ ಮನೆ ಕೆಡವಿ ಹೊಸದು ಕಟ್ಟಬೇಕೆಂದ. ಅವನ ತಪ್ಪೇನೂ ಇಲ್ಲ. ಮಾಳಿಗೆ ಸೋರುತ್ತಿತ್ತು, ಮಕ್ಕಳು ದೊಡ್ಡವರಾಗಿದ್ದರು. ಗುತ್ತಿಗೆದಾರ ಟೇಪು ಹಿಡಿದು ಬಂದ ದಿನ ಮಾಮಾ ಹೊಸ್ತಿಲಿಗೆ ಅಡ್ಡ ಕುಳಿತರು.

"ಈಗ ಆಷಾಢ ಐತಿ. ಕಟ್ಟಬಾರದು."

"ಕಾಕಾ, ನಮಗ ಆಷಾಢ ಇಲ್ಲಲ್ರಿ."

"ನಿಮಗ ಇಲ್ಲೋ. ಬಾಗಿಲಿಗೆ ಐತಿ!"

ಹುಡುಗ ನಕ್ಕು ಗುತ್ತಿಗೆದಾರನನ್ನು ವಾಪಸು ಕಳಿಸಿದ. ಆಷಾಢ ಮುಗಿದ ಮೇಲೆ ಪಿತೃಪಕ್ಷ ಬಂತು. ಅದು ಮುಗಿದರೆ ಮಾಮಾನ ಸೊಂಟನೋವು ಬಂತು. ಕೊನೆಗೆ ಹುಡುಗ ತಾನೇ ಬಂದು, "ಕಾಕಾ, ಚೌಕಟ್ಟ ಕಿತ್ತು ನಿಮಗ ಕೊಟ್ಟುಬಿಡ್ತೇನ್ರಿ. ಇಲ್ಲಿ ಹಾಕಿಕೊಳ್ರಿ" ಎಂದ. ಎಷ್ಟು ಒಳ್ಳೆಯ ಮಾತು! ಮಾಮಾ ತಮ್ಮ ಬಾಗಿಲಿನ ಎತ್ತರದ ಚೌಕಟ್ಟನ್ನು ಮುಟ್ಟಿ ಅಂದರು: "ಹಂಗಾದ್ರ ನಿಮ್ಮಪ್ಪನ್ನ ಎಲ್ಲಿಗೆ ಕಳಸ್ಲೋ?"

ಯುಗಾದಿಯವರೆಗೆ ತಡೆಯುವುದೆಂದು ಮಾತಾಯಿತು. ಮಾಮಾನ ಸೊಂಟನೋವು ಸುಳ್ಳಾಗಿರಲಿಲ್ಲ. ಹಾಸಿಗೆ ಹಿಡಿದರು, ರಸ್ತೆ ದಾಟುವುದು ನಿಂತಿತು. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು ಹೇಳಿದರು: "ನಮ್ಮವ್ವ ಆ ಹೊಸ್ತಲಾ ದಾಟಿ ಹೋದ್ಲು, ನಮ್ಮಪ್ಪ ಅದನ್ನ ದಾಟಿ ಹೋದ. ಊರಂತೂ ಹೋತು. ನಾನೂ ಅದನ್ನ ದಾಟಿ ಹೋಗಬೇಕಂತ ಆಸೆ ನೋಡವ್ವ. ಆದ್ರ ಹೆಂಗ ಕೇಳೂದು? ಬಾಳೇ ಮಾಡೋ ಮನಿಯೊಳಗ ಹೆಣಾ ಯಾರು ತರಗೊಡ್ತಾರ?" ತಂಬಿಗೆಯಲ್ಲಿ ನೀರು ತಂದಿದ್ದ ಚಾಚಿ ಬಾಗಿಲ ಹತ್ತಿರ ನಿಂತಿದ್ದರು. ತಂಬಿಗೆಯನ್ನು ಅಲ್ಲೇ ಇಟ್ಟು ತಿರುಗಿ ಹೋದರು.

ಯುಗಾದಿ ಬರುವ ಮೊದಲೇ ಮಾಮಾ ಹೋದರು. ಪದ್ಧತಿಯಂತೆ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿ, ತಲೆ ಓಲದಂತೆ ವಸ್ತ್ರದಿಂದ ಕಟ್ಟಿದ್ದರು. ಹೊರಗೆ ಹೊತ್ತೊಯ್ಯುವ ಹೂವಿನ ವಿಮಾನ ಸಿದ್ಧವಾಗಿತ್ತು, ಭಜನೆಯವರು ತಾಳ ಹಿಡಿದಿದ್ದರು. ಇನ್ನೇನು ಎತ್ತಬೇಕು ಎನ್ನುವಾಗ ಚಾಚಿ ರಸ್ತೆ ದಾಟಿ ಬಂದು ಜನರ ನಡುವೆ ನಿಂತರು.

"ಅಣ್ಣಾರನ್ನ ನಮ್ಮ ಮನಿಯೊಳಗ ತರ್ರಿ. ಹಿತ್ತಲ ಬಾಗಲ್ಲಿಂದ ಒಳಗ ತಂದು, ಮುಂಬಾಗಲ್ಲಿಂದ ಕರಕೊಂಡ ಹೋಗ್ರಿ."

ತಾಳ ನಿಂತಿತು. ಇಂಡಿಯಿಂದ ಬಂದಿದ್ದ ಬೀಗರೊಬ್ಬರು, "ಸತ್ತವರನ್ನ ಇನ್ನೊಬ್ಬರ ಮನಿಯೊಳಗ ಒಯ್ಯೂದು ಎಲ್ಲೆರ ಐತೇನವಾ?" ಎಂದರು.

"ಇನ್ನೊಬ್ಬರ ಮನಿ ಯಾವುದ್ರಿ? ಬಾಗಿಲಾ ಅವರದ ಐತಿ. ನಮ್ಮವರ ಹೋಗೂ ದಿನಾ ಅವರು ಕದಾ ತೆರದ ನಿಂತಿದ್ದು ನಾ ಕಿಟಕ್ಯಾಗಿಂದ ನೋಡೇನಿ. ಅವತ್ತ ನನಗ ತಿಳೀಲಿಲ್ಲ. ಇವತ್ತ ತಿಳದೈತಿ."

ಅತ್ತೆ ಜೋರಾಗಿ ಅತ್ತುಬಿಟ್ಟರು. ಬೀಗರು ಪಕ್ಕಕ್ಕೆ ಸರಿದರು.

ಕುರ್ಚಿಗೆ ಒಂದು ಕಡೆ ಚಾಚಿಯ ಮಗ, ಇನ್ನೊಂದು ಕಡೆ ನನ್ನ ಗಂಡ, ಹಿಂದೆ ಮಾಮಾನ ಮಕ್ಕಳು ಕೈ ಕೊಟ್ಟರು. ಹಿತ್ತಿಲಿನಿಂದ, ಒಲೆ ಆರಿದ್ದ ಅಡುಗೆಮನೆಯ ಪಕ್ಕದಿಂದ, ಮುಂಬಾಗಿಲಿಗೆ ಬಂದರು. ಹೊಸ್ತಿಲು ತೊಯ್ದು ನಿಂತಿತ್ತು. ಮೆಟ್ಟಿಲವರೆಗೂ ನೀರು ಹರಿಯುತ್ತಿತ್ತು. ಜಾರಿ ಬೀಳುತ್ತಾರೆಂದು ದಿನವೂ ಕೂಗುತ್ತಿದ್ದ ಚಾಚಿಯೇ ಅಂದು ತಂಬಿಗೆಗಟ್ಟಲೆ ಸುರಿದಿದ್ದರು.

ದುಃಖದಲ್ಲಿ ಬಗ್ಗಬೇಕೆಂಬುದು ಯಾರಿಗೆ ನೆನಪಿರುತ್ತದೆ? ನನ್ನ ಗಂಡನ ಹಣೆಗೆ ಚೌಕಟ್ಟು ಬಡಿಯಿತು. ಹುಟ್ಟಿದಾಗಿನಿಂದ ಆ ಬಾಗಿಲಲ್ಲೇ ಓಡಾಡಿದ್ದ ಚಾಚಿಯ ಮಗನಿಗೂ ಬಡಿಯಿತು. ಕುರ್ಚಿ ಒಮ್ಮೆ ಅಲುಗಿತು. ಕಟ್ಟಿದ್ದ ವಸ್ತ್ರ ಸಡಿಲಾಗಿ ಮಾಮಾನ ತಲೆ ತುಸು ಮುಂದಕ್ಕೆ ಬಾಗಿತು. ಅಂದು ಆ ಬಾಗಿಲನ್ನು ತಲೆ ತಗಲಿಸಿಕೊಳ್ಳದೆ ದಾಟಿದವರು ನಮ್ಮ ಮಾಮಾ ಒಬ್ಬರೇ.