ಸಂಘರ್ಷ ಸಾಲದು

ಕತೆ ಬರೆಯಲು ಬಾರದವರೇ ಕತೆ ಹೇಗೆ ಬರೆಯಬೇಕೆಂದು ಚೆನ್ನಾಗಿ ಹೇಳಬಲ್ಲರು ಎಂಬುದಕ್ಕೆ ನಾನೇ ಸಾಕ್ಷಿ. ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಮಾಸ್ತರ. ವಸ್ತು, ಪಾತ್ರ, ಸನ್ನಿವೇಶ, ಸಂಘರ್ಷ, ದೃಷ್ಟಿಕೋನ, ವ್ಯಂಗ್ಯ ಎಂದು ಹಲಗೆಯ ಮೇಲೆ ಬರೆದು, ಒಂದೊಂದರ ಕೆಳಗೂ ಎರಡೆರಡು ಗೆರೆ ಎಳೆದು, ಕೈಗೆ ಹತ್ತಿದ ಪುಡಿ ಒರೆಸಿಕೊಂಡು ಮನೆಗೆ ಬರುತ್ತೇನೆ. ಸ್ವಂತದ್ದೊಂದು ಕತೆ ಬರೆಯಲು ಕೂತರೆ ಎರಡನೇ ಪುಟಕ್ಕೆ ಎಲ್ಲ ಪಾತ್ರಗಳೂ ಚಹಾ ಕುಡಿಯುತ್ತಾ ಕೂತುಬಿಡುತ್ತವೆ. "ನಿಮ್ಮ ಕತಿಯೊಳಗ ಚಾ ಮಾಡೋರು ಯಾರ್ರಿ, ಅಲ್ಲೂ ನಾನೇ ಏನು?" ಎಂದು ಮನೆಯವಳು ಕೇಳಿದ ದಿನದಿಂದ ಆ ಹುಚ್ಚು ಬಿಟ್ಟಿದ್ದೇನೆ.

ಉಳಿದ ಅಂಗಗಳನ್ನು ವಿದ್ಯಾರ್ಥಿಗಳು ಹೇಗೋ ನುಂಗುತ್ತಾರೆ. ಸಂಘರ್ಷ ಮಾತ್ರ ಏನು ಮಾಡಿದರೂ ಗಂಟಲಿಗಿಳಿಯುವುದಿಲ್ಲ. ತಪ್ಪು ಅವರದಲ್ಲ, ಈ ನೆಲದ್ದು. ನಮ್ಮಲ್ಲಿ ಎರಡು ಬೈಕು ಡಿಕ್ಕಿ ಹೊಡೆದರೆ, ಬಿದ್ದವರು ಎದ್ದು ಒಬ್ಬರ ಅಂಗಿ ಒಬ್ಬರು ಹಿಡಿಯುವಷ್ಟರಲ್ಲಿ ಚಹಾದಂಗಡಿಯಿಂದ ನಾಲ್ಕು ಮಂದಿ ಹಿರಿಯರು ಓಡಿ ಬರುತ್ತಾರೆ. "ಇರ್ಲಿ ಬಿಡ್ರಿ, ಯಾವೂರು ನಿಮ್ಮದು? ಹುನಗುಂದನ? ನಮ್ಮ ಬೀಗರೂ ಅಲ್ಲೇ ಅದಾರಲ್ಲ!" ಮುಗಿಯಿತು, ಜಗಳ ಸತ್ತಿತು. ಇವರು ಬರೆಯುವ ಕತೆಗಳೂ ಹಾಗೆಯೇ. ಮೊದಲ ಪ್ಯಾರಾದಲ್ಲಿ ಅಣ್ಣತಮ್ಮಂದಿರು ಬಡಿದಾಡಿದರೆ ಎರಡನೆಯದರಲ್ಲಿ ಹಿರಿಯರು ಕೂಡಿಸಿ ಬಗೆಹರಿಸುತ್ತಾರೆ, ಮೂರನೆಯದರಲ್ಲಿ ಎಲ್ಲರೂ ಹೋಳಿಗೆ ಉಣ್ಣುತ್ತಾರೆ. "ಜಗಳ ಬೆಳೆಯಲಿ, ಓದುವವನು ಚಡಪಡಿಸಲಿ" ಎಂದು ಗಂಟಲು ಹರಿದುಕೊಂಡೆ. "ಯಾಕ್ರಿ ಸರ್, ಬಗಿಹರಿಯೋದನ್ನ ಸುಮ್ನ ಯಾಕ ಬೆಳಸಬೇಕ್ರಿ?" ಎಂದಳು ಸವಿತಾ, ಮುಂದಿನ ಬೆಂಚಿನ ಹುನಗುಂದದ ಹುಡುಗಿ. ಹಲಗೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಆ ಸಿಟ್ಟಿನಲ್ಲೇ, ನಾಗರ ಪಂಚಮಿಗೆ ಹತ್ತು ದಿನವಿರುವಾಗ, ಒಂದು ಉದಾಹರಣೆ ಕೊಟ್ಟೆ. ಬಾಗಲಕೋಟೆಯಲ್ಲಿ ಒಬ್ಬ ತಮ್ಮ. ಇಳಕಲ್ಲಿಗೆ ಕೊಟ್ಟ ಅವನ ಅಕ್ಕ. ಪಂಚಮಿಗೆ ಬಾ ಎಂದು ತಮ್ಮ ಕರೆದ, ಹಟಮಾರಿ ಅಕ್ಕ ಬರಲಿಲ್ಲ. ಮೂರು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಅಕ್ಕನೇ ಸೋತು ಬರಲಿ ಎಂದು ತಮ್ಮ ಕಾಯುತ್ತಿದ್ದಾನೆ. ನಿಮ್ಮ ಮುಂದೆ ಮುಚ್ಚಿಡುವುದೇನು, ಆ ತಮ್ಮ ನಾನೇ. ಅಕ್ಕ ನಮ್ಮ ಶಾಂತಕ್ಕ, ಅವ್ವ ಹೋದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು. ಅವಳಿಲ್ಲದ ಮೂರು ಪಂಚಮಿಗಳಲ್ಲಿ ಮನೆಯ ಉಂಡಿ ನನ್ನ ಬಾಯಿಗೆ ರುಚಿಸಿಲ್ಲ. ಆದರೆ ಹಾಗಂತ ಹೇಳಿಕೊಳ್ಳಲು ಮೀಸೆ ಅಡ್ಡ ಬರುತ್ತದೆ.

"ಸರ್, ತಮ್ಮ ಕರಿಯಾಕ ಹೋಗಿದ್ನೇನ್ರಿ?" ಮತ್ತೆ ಸವಿತಾ.

"ಕರೆದಿದ್ದ" ಎಂದೆ.

"ಹೋಗಿದ್ನೇನ್ರಿ?"

"ಅವನಿಗೆ ಪೇಪರು ತಿದ್ದುವ ಕೆಲಸವಿತ್ತಮ್ಮಾ. ಮೊಬೈಲಿಗೆ ಸಂದೇಶ ಕಳಿಸಿದ್ದ. ಜೋಕಾಲಿಯ ಚಿತ್ರ ಹಾಕಿ, ಕೆಳಗೆ 'ಬಂದು ಹೋಗು' ಅಂತಲೂ ಬರೆದಿದ್ದ."

ಇಡೀ ತರಗತಿ "ಅಯ್ಯ!" ಎಂದಿತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಅವಳ ಮನೆಗೆ ಹೋಗಿ, ಕೈಕಾಲು ತೊಳೆದು, ಉಂಡು, ಕರೆದುಕೊಂಡೇ ಬರಬೇಕು. ಇದು ತೊಟ್ಟಿಲ ಕೂಸಿಗೂ ಗೊತ್ತು. "ಇದರಾಗ ಸಂಘರ್ಷ ಎಲ್ಲೈತ್ರಿ ಸರ್? ತಪ್ಪೈತಿ" ಎಂದು ಸವಿತಾ ಕೂತಳು. ಸರಿ, ಹಾಗಾದರೆ ಇಲ್ಲಿ ಖಳನಾಯಕ ಯಾರು ಎಂದು ಕೇಳಿದೆ. ಯಾರಾದರೊಬ್ಬರು ಅಕ್ಕ ಅಂದಾರು ಎಂಬ ಕೊನೆಯ ಆಸೆ. ಅರವತ್ತು ಬಾಯಿ ಒಂದೇ ಸಲ "ತಮ್ಮಾ!" ಎಂದವು. ವ್ಯಂಗ್ಯಕ್ಕೆ ಆ ದಿನ ಬೇರೆ ಉದಾಹರಣೆ ಹುಡುಕುವ ತ್ರಾಸು ತಪ್ಪಿತು.

ನಾನೂ ಹಟಕ್ಕೆ ಬಿದ್ದೆ. ಅದೇ ಕತೆಯನ್ನು ಅಕ್ಕನ ದೃಷ್ಟಿಕೋನದಿಂದ ಬರೆದು ತನ್ನಿ, ಇಪ್ಪತ್ತು ಅಂಕ ಎಂದೆ. ಬಂದ ಕತೆಗಳಲ್ಲೆಲ್ಲ ತಮ್ಮ ಇಳಕಲ್ಲಿಗೆ ಓಡಿ ಹೋಗಿ ಕಾಲಿಗೆ ಬಿದ್ದಿದ್ದ. ಒಬ್ಬನಂತೂ ಪ್ರಾಯಶ್ಚಿತ್ತಕ್ಕೆಂದು ನನ್ನನ್ನು ಕೂಡಲಸಂಗಮದವರೆಗೆ ಬರಿಗಾಲಲ್ಲಿ ನಡೆಸಿದ್ದ. ಇಳಕಲ್ಲಿನ ರಿಹಾನಾ ಎಂಬ ಹುಡುಗಿಯ ಕತೆಯಲ್ಲಿ ಮಾತ್ರ ಯಾರೂ ಎಲ್ಲಿಗೂ ಹೋಗಿರಲಿಲ್ಲ. ಅಕ್ಕ ಪ್ರತಿ ಪಂಚಮಿಗೆ ಒಂದು ಡಬ್ಬಿ ಶೇಂಗಾ ಉಂಡಿ ಬೇರೆ ತೆಗೆದಿಡುತ್ತಾಳೆ. ಚೀಲಕ್ಕೆ ಸೀರೆ ತುಂಬಿ ಬಾಗಿಲಲ್ಲಿ ಕೂಡುತ್ತಾಳೆ. ಬಾಗಲಕೋಟೆಯ ಬಸ್ಸು ಬಂದು ಹೋದ ಮೇಲೆ ನೆರೆಯವರು ಕೇಳಿದರೆ, "ನನಗ ಮೊಳಕಾಲು ನೋವು, ಅದಕ್ಕ ತಮ್ಮಗ ಬರಬ್ಯಾಡ ಅಂದೇನಿ" ಎನ್ನುತ್ತಾಳೆ. ಕತೆ ಅಷ್ಟೇ. ನಾನು ಕೆಂಪು ಪೆನ್ನಿನಿಂದ ಹನ್ನೊಂದು ಹಾಕಿ, 'ಸಂಘರ್ಷ ಸಾಲದು' ಎಂದು ಬರೆದೆ. ಆಮೇಲೆ ಮುಂದಿನ ಪೇಪರಿಗೆ ಕೈ ಹೋಗಲಿಲ್ಲ.

ಮರುದಿನ ಅವಳನ್ನು ಕರೆದು, ಮೊಳಕಾಲಿನ ಸಂಗತಿ ಎಲ್ಲಿಂದ ತಂದೆ ಎಂದು ಕೇಳಿದೆ. ತಲೆ ತಗ್ಗಿಸಿದಳು. "ನಮ್ಮ ಬಾಜೂ ಮನಿಯಾಗ ಅದಾರ್ರಿ ಸರ್, ಶಾಂತಕ್ಕಾರು. ನಿಮ್ಮ ಫೋಟೋ ಅವರ ಗ್ವಾಡಿ ಮ್ಯಾಲೈತ್ರಿ." ನನಗೆ ಅಳು ಬಂತು. ಕೆಮ್ಮಿದಂತೆ ಮಾಡಿ ಕಿಟಕಿಯ ಕಡೆ ತಿರುಗಿದೆ.

ರವಿವಾರ ಮೊದಲ ಬಸ್ಸು ಹಿಡಿದು ಇಳಕಲ್ಲಿಗೆ ಹೋದೆ. ಶಾಂತಕ್ಕ ತಂಬಿಗೆ ನೀರು ತಂದಿಟ್ಟಳು. ಕಾಲು ತೊಳೆದ ಮೇಲೆ ವಿಚಾರಣೆ ಸುರುವಾಯಿತು.

"ಯಾರು ಕಳಿಸಿದ್ರು?"

"ಯಾರೂ ಇಲ್ಲ, ನಾನೇ ಬಂದೆ ಅಕ್ಕಾ."

"ಸುಳ್ಳು ಹೇಳಬ್ಯಾಡ ಈರ್ಯಾ. ಕಾಲೇಜಿನ್ಯಾಗ ನನ್ನ ಹಟಮಾರಿ ಅಂದಿಯಂತ?"

"ಅದು ಪಾತ್ರ ಅಕ್ಕಾ, ನೀ ಅಲ್ಲ."

"ಪಾತ್ರಕ್ಕ ಇಳಕಲ್ಲನ ಬೇಕಿತ್ತೇನು? ಬಾದಾಮಿಯಾಕಿ ಆಗಿದ್ರ ನಡೀತಿರಲಿಲ್ಲ?"

ಅವಳ ಸಿಟ್ಟು ಇಳಿದೀತೆಂದು ರಿಹಾನಾಳ ಪೇಪರು ತೆಗೆದು ಕೊಟ್ಟೆ. ಚಾಳೀಸು ಹಾಕಿಕೊಂಡು ಎರಡು ಸಲ ಓದಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೂಲೆಯ ಕೆಂಪು ಅಕ್ಷರ ಕಂಡಿತು.

"ಹನ್ನೊಂದ? ಎಷ್ಟಕ್ಕ?"

"ಇಪ್ಪತ್ತಕ್ಕ."

"ಮೂರು ವರ್ಷ ನಾ ಬಾಗಲದಾಗ ಕುಂತದ್ದು ನಿನಗ ಸಾಲಲಿಲ್ಲೇನು?"

"ತಪ್ಪಾತು ಅಕ್ಕಾ" ಎಂದೆ. ಮೂರು ವರ್ಷ ಗಂಟಲಲ್ಲಿದ್ದ ಮಾತು ಅಂತೂ ಹೊರಬಿತ್ತು.

"ನನಗಲ್ಲ, ಆ ಹುಡುಗಿಗಿ. ಅದನ್ನ ತಿದ್ದೋತನಕ ನಾ ಬರಾಂಗಿಲ್ಲ."

ಅಲ್ಲೇ ಕಟ್ಟೆಯ ಮೇಲೆ ಕೂತು ಹದಿನೆಂಟು ಮಾಡಿದೆ. "ಇನ್ನೆರಡು ಯಾರಿಗಿ ಇಟ್ಕೊಂಡಿ?" ಎಂದಳು. ಇಪ್ಪತ್ತು ಮಾಡಿದೆ. ಆಗ ಒಳಗೆ ಹೋಗಿ ಚೀಲ ತಂದಳು. ಸೀರೆಗಳನ್ನು ಮೊದಲೇ ತುಂಬಿಟ್ಟಿದ್ದಳು.

ಹಾಕಿದ ಅಂಕ ಬದಲಿಸಿದರೆ ನಮ್ಮ ಕಾಲೇಜಿನಲ್ಲಿ ಒಂದು ಅರ್ಜಿ ತುಂಬಬೇಕು. 'ಬದಲಾವಣೆಗೆ ಕಾರಣ' ಎಂದಿದ್ದಲ್ಲಿ 'ತಿದ್ದಿದವನ ತಪ್ಪು' ಎಂದು ಬರೆದು ಸಹಿ ಮಾಡಿದೆ. ಮೂರು ವರ್ಷದ್ದು ಎಂದು ಸೇರಿಸೋಣವೆಂದರೆ ಅಲ್ಲಿ ಜಾಗವಿರಲಿಲ್ಲ.