ಭಟ್ಟರ ಪತ್ರಕ್ಕೆ ನನ್ನ ತಿದ್ದುಪಡಿ

ಬೇರೆಯವರು ಬರೆದದ್ದನ್ನು ತಿದ್ದದೆ ಹಿಂದಿರುಗಿಸುವ ಶಕ್ತಿಯನ್ನು ದೇವರು ನನಗೆ ಕೊಡಲಿಲ್ಲ. ತಪ್ಪು ಪೂರ್ತಿ ನನ್ನದಲ್ಲ. ಮದರಾಸಿನ ನಮ್ಮ ಕಚೇರಿಯಲ್ಲಿ, ಗುಮಾಸ್ತ ಬರೆದ ಡ್ರಾಫ್ಟನ್ನು ಮೇಲಿನವರು ಎರಡು ಕಡೆಯಾದರೂ ಹೊಡೆದುಹಾಕದಿದ್ದರೆ ಓದಿಯೇ ಇಲ್ಲವೆಂದು ಅರ್ಥ. ಹದಿನಾರು ವರ್ಷ ಹೊಡೆಸಿಕೊಂಡವನು, ಕೈಗೆ ಸಿಕ್ಕ ಮೊದಲ ಕಾಗದವನ್ನು ಬಿಟ್ಟೇನೇ?

ಆ ಕಾಗದ ವಾಸುದೇವ ಭಟ್ಟರದು. ಕುಂದಾಪುರದ ಕಡೆಯವರು, ಮದರಾಸಿನ ಪುರಸೈವಾಕ್ಕಂ ಬಡಾವಣೆಯಲ್ಲಿ ನಾನು ದಿನಾ ಊಟ ಮಾಡುವ ಹೋಟೆಲಿನ ಅಡುಗೆಯವರು. ಊಟದ ಗದ್ದಲ ಮುಗಿದ ಮೇಲೆ ಕೂತು ಬರೆದು ಬರೆದು ಒಂದು ಕಾದಂಬರಿ ಮುಗಿಸಿದ್ದರು. ನಾನೂ ಒಂದು ಬರೆದಿದ್ದೆ. ಪ್ರಕಾಶಕರಿಗೆ ಮೊದಲು ಪತ್ರ ಬರೆಯಬೇಕು, ಅವರು ಕೇಳಿದರೆ ಹಸ್ತಪ್ರತಿ ಕಳಿಸಬೇಕು. ಒಬ್ಬರ ಪತ್ರವನ್ನು ಇನ್ನೊಬ್ಬರು ನೋಡಿಕೊಡುವುದೆಂದು ಒಪ್ಪಂದವಾಯಿತು.

ನನ್ನ ಮೂರು ಪುಟದ ಪತ್ರವನ್ನು ಭಟ್ಟರು ಎರಡು ಸಲ ಓದಿದರು. "ಭಾಷೆ ಭಾರಿ ಲಾಯ್ಕ್ ಉಂಟು ರಾಯರೆ. ನಿಮ್ಮ ತಾತ, ನಿಮ್ಮ ಆಫೀಸು ಎಲ್ಲ ಗೊತ್ತಾಯ್ತು. ಕಾದಂಬರಿ ಯಾರ ಕತೆ ಅಂತ ಮಾತ್ರ ಗೊತ್ತಾಗ್ಲಿಲ್ಲ" ಎಂದರು. ಇವರಿಗೇನು ತಿಳಿದೀತು ಎಂದು ಒಳಗೇ ಸಿಡುಕಿಕೊಂಡೆ. ಅವರದು ಅರ್ಧ ಪುಟ. 'ಇದು ನನ್ನ ಅಮ್ಮನ ಕತೆ. ಅವರಿಗೆ ಓದು ಬಾರದು, ವಯಸ್ಸಾಗಿದೆ. ಪುಸ್ತಕವಾದರೆ ಹತ್ತಿರ ಕೂತು ಓದಿ ಹೇಳಬೇಕೆಂದಿದ್ದೇನೆ.' ಮನೆಯ ವಿಷಯ ಇಲ್ಲೇಕೆಂದು ಅಷ್ಟನ್ನೂ ಹೊಡೆದು, 'ಗ್ರಾಮೀಣ ಸ್ತ್ರೀಜೀವನದ ಸಮಗ್ರ ಚಿತ್ರಣ' ಎಂದು ಬರೆದುಕೊಟ್ಟೆ.

ತಿಂಗಳೊಳಗೆ ಇಬ್ಬರಿಗೂ ಒಂದೇ ಒಕ್ಕಣೆಯ ಕಾರ್ಡು ಬಂತು: ಸದ್ಯಕ್ಕೆ ಬೇಡ. ಭಟ್ಟರು ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಅಮ್ಮನ ಕತೆಯಲ್ಲಿ ಪುಸ್ತಕ ಆಗುವಂಥದ್ದು ಏನೂ ಇಲ್ಲ ಕಾಣ್ತದೆ" ಎಂದರು. ನನಗೆ ನಾಚಿಕೆಯಾಯಿತು.

ಇನ್ನೊಬ್ಬ ಪ್ರಕಾಶಕರಿಗೆ ಬರೆಯಿರಿ, ಆದರೆ ನಾನು ತಿದ್ದುವ ಮೊದಲಿನ ಪತ್ರದಂತೆಯೇ ಬರೆಯಿರಿ ಎಂದೆ. ಬರೆದು ತಂದರು. ಓದಿ, ಜೀವಮಾನದಲ್ಲೇ ಮೊದಲ ಬಾರಿಗೆ, ಏನೂ ಮಾಡದೆ ಹಿಂದಕ್ಕೆ ಕೊಟ್ಟೆ. ಭಟ್ಟರ ಮುಖ ಬಾಡಿತು.

"ತಿದ್ದಲಿಕ್ಕೂ ಆಗದಷ್ಟು ಹಾಳಾಗಿದೆಯಾ ಮಾರಾಯ್ರೆ?"

ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ತಾರೀಖಿನ ಕೆಳಗೆ ಒಂದು ಗೆರೆ ಎಳೆದೆ. "ಹಾಂ, ಈಗ ಸರಿಯಾಯ್ತು" ಎಂದು ಅಂಚೆಗೆ ಹಾಕಿದರು.

ಪುಸ್ತಕವಾಯಿತು. ಭಟ್ಟರು ಊರಿಗೆ ಹೋಗಿ ಅಮ್ಮನಿಗೆ ನಾಲ್ಕು ದಿನ ಓದಿ ಹೇಳಿದರಂತೆ. "ನಾನು ಅಷ್ಟೆಲ್ಲ ಅಳಲಿಲ್ಲ ಮಗಾ" ಎಂದು ಆ ತಾಯಿ ಒಂದು ಕಡೆ ತಿದ್ದಿದರಂತೆ.

ಹೋಟೆಲಿಗೆ ಬಂದವರಿಗೆಲ್ಲ ಭಟ್ಟರು ನನ್ನನ್ನು ತೋರಿಸಿ, "ಇವರ ಕೈ ತಾಗಿದ ಮೇಲೇ ಪ್ರಕಾಶಕರು ಪುಸ್ತಕ ಒಪ್ಪಿದ್ದು" ಎನ್ನುತ್ತಾರೆ. ಅಲ್ಲವೆನ್ನಬೇಕೆಂದು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ತೆರೆದ ಬಾಯಿಗೆ ಕಾಫಿ ಸುರಿದುಕೊಳ್ಳುತ್ತೇನೆ.